ನನ್ನ ವೈರಿಯ ಸಂದರ್ಶನ

ಉಗುರಿನಷ್ಟು ಎತ್ತರದ ಸೈನಿಕನಿಗೆ ಮೀಸೆ ಬರೆದು, ಆ ಮೀಸೆಯೊಳಗೆ ಒಂದು ನರೆಗೂದಲನ್ನೂ ಬರೆಯಬಲ್ಲ ಮನುಷ್ಯ ಈ ಭೂಮಂಡಲದಲ್ಲಿ ನಾನೊಬ್ಬನೇ. ಹಗಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ, ಸಂಜೆ ಮೇಜಿನ ಮೇಲೆ ಗೊಂಬೆ ಸೈನ್ಯ ಹೂಡಿ ದಾಳ ಎಸೆದು ಆಡುವ ಯುದ್ಧದಾಟದ ಸೇನಾಪತಿ. ನನ್ನ ನಾಲ್ಕು ಸಾವಿರ ಸೈನಿಕರು ಊಟದ ಮೇಜನ್ನು ಆಕ್ರಮಿಸಿರುವುದರಿಂದ ನಿಂತೇ ಉಣ್ಣುತ್ತೇನೆ. ದಾಳಗಳು ನನ್ನ ಅಂಗೈ ಕಂಡರೆ ಗಡಗಡ ನಡುಗುತ್ತವೆ.

ಇಂಥ ನನ್ನನ್ನು ಹುಡುಕಿಕೊಂಡು ವಿಶ್ವವಿದ್ಯಾಲಯವೇ ಮನೆ ಬಾಗಿಲಿಗೆ ಬಂತು. ವಿಶ್ವವಿದ್ಯಾಲಯ ಎಂದರೆ ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಹುಡುಗಿ, ಕೈಯಲ್ಲೊಂದು ರೆಕಾರ್ಡರ್. ಒಂದೇ ಹುಚ್ಚಿನಲ್ಲಿ ಮುಳುಗಿರುವ ‘ಗೀಕ್’ಗಳು ತಮ್ಮನ್ನು ತಾವು ಯಾರೆಂದುಕೊಂಡಿರುತ್ತಾರೆ ಎಂಬುದು ಅವಳ ಸಂಶೋಧನೆ. ಮೂರು ಸಂಜೆ ಮಾತಾಡಿದೆ. ಅವಳು ಆಕಳಿಸದೆ ಕೇಳಿದಳು. ನನ್ನ ಮನೆಯಲ್ಲಿ ಎರಡನೆಯ ಲೋಟ ತೊಳೆಯುವ ಪ್ರಸಂಗ ಬಂದು ಯುಗಗಳೇ ಕಳೆದಿದ್ದವು.

“ನಿಮ್ಮ ಜೊತೆ ಆಡೋರು ಯಾರ್ಯಾರು ಸರ್?”

“ಐದು ಜನ ಇದಾರಮ್ಮಾ! ಒಬ್ಬೊಬ್ಬನೂ ಹುಲಿ.”

“ಅವರನ್ನೂ ಮಾತಾಡಿಸಬೇಕಲ್ಲ.”

“ಫೋನಲ್ಲಾದ್ರೆ ಮಾತಾಡ್ತಾರೆ. ಎದುರಿಗೆ ಬರಕ್ಕೆ ನಾಚಿಕೆ.”

“ಹುಲಿಗಳಿಗಾ?”

ಐವರು ಇದ್ದದ್ದು ನಿಜ. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಬೆನ್ನುನೋವು ಬಂತು, ಭಾವನಿಗೆ ನನ್ನಕ್ಕ ಬೈದಳು. ಉಳಿದಿಬ್ಬರು ಯಾಕೆ ಬರುವುದು ಬಿಟ್ಟರೋ ದೇವರೇ ಬಲ್ಲ. ಅದನ್ನೆಲ್ಲ ಹೇಳಿ ಸಂಶೋಧನೆಯ ಸಮಯ ಹಾಳುಮಾಡಲು ನಾನೇನು ಪೆದ್ದನೇ? ಐದಾರು ಸಿಮ್ ಕೊಂಡೆ. ಮೂಗು ಹಿಡಿದು ಒಬ್ಬನಾದೆ, ಕೆಮ್ಮುತ್ತ ಇನ್ನೊಬ್ಬನಾದೆ, ಬಾಯಿಗೆ ಟವೆಲ್ ಒತ್ತಿಕೊಂಡು ಭಾವನಾದೆ. ಐವರೂ ಸೇನಾಪತಿಯನ್ನು ಹೊಗಳಿದ ಪರಿಗೆ ನನಗೇ ಕಣ್ಣು ತುಂಬಿ ಬಂತು.

ಮುಂದಿನ ಸಲ ಬಂದಾಗ ಅವಳು ರೆಕಾರ್ಡರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ.

“ಮುಗೀತು ಸರ್. ಎಲ್ಲರೂ ಒಂದೇ ಮಾತು ಹೇಳ್ತಿದಾರೆ. ಹೊಸದೇನೂ ಬರ್ತಿಲ್ಲ ಅಂದ್ರೆ ಸಂದರ್ಶನ ನಿಲ್ಲಿಸಿಬಿಡ್ತೀವಿ. ಅದು ನಮ್ಮ ಪದ್ಧತಿ.”

ನಾನು ಕಟ್ಟಿದ ಸೈನ್ಯ ನನ್ನನ್ನೇ ಮಣ್ಣುಮುಕ್ಕಿಸಿತ್ತು. ಕೈಯಲ್ಲಿ ಅವಳ ಲೋಟ ಹಾಗೇ ಇತ್ತು.

“ಅಯ್ಯೋ, ನನ್ನ ವೈರೀನ ಮರೆತೇಬಿಟ್ಟೆ! ನನ್ನ ಹೆಸರೆತ್ತಿದ್ರೆ ಸಾಕು, ಉರಿದು ಬೀಳ್ತಾನೆ. ಅವನ ಹತ್ರ ಹೊಸದು ರಾಶಿ ಇದೆ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ, “ಸರಿ, ಅವರೊಬ್ಬರು” ಎಂದಳು.

ಮರುದಿನ ಸಂಜೆ ಅಡುಗೆಮನೆಯಲ್ಲಿ ನಿಂತು, ದವಡೆಗೆ ಚಮಚ ಸಿಕ್ಕಿಸಿಕೊಂಡು ವೈರಿಯಾದೆ.

“ಅವನಾ? ಬರೀ ದೊಡ್ಡ ಬಾಯಿ! ಮೀಸೆ ಬರೀತಾನಂತೆ, ಮೀಸೆ! ದಾಳ ಉರುಳಿಸೋಕೆ ಬರಲ್ಲ ಅವನಿಗೆ.”

“ನಿಮ್ಮಿಬ್ಬರಿಗೆ ಜಗಳ ಯಾವ ವಿಷಯಕ್ಕಾಯ್ತು?”

ಜಗತ್ತನ್ನೇ ನಡುಗಿಸುವಂಥ ಜಗಳಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

“ಜಗಳ ಆಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಕಣಮ್ಮಾ. ಜಗಳ ಆಡಿದೋನು ಬಯ್ಯಕ್ಕಾದ್ರೂ ಬರ್ತಾನೆ. ಯಾರೂ ಏನೂ ಅನ್ನಲಿಲ್ಲ. ಸುಮ್ನೆ ಬರೋದು ನಿಂತುಹೋಯ್ತು. ಶನಿವಾರ ಅವನು ಈಗ್ಲೂ ಆರು ಕುರ್ಚಿ ಹಾಕ್ತಾನೆ. ಎಲ್ಲರ ದಾಳಾನೂ ತಾನೇ ಎಸೀತಾನೆ. ಅವರು ಗೆದ್ರೆ ಖುಷಿಪಡ್ತಾನೆ, ಪೆದ್ದ ನನ್ಮಗ.”

ಚಮಚ ಯಾವಾಗ ಜಾರಿ ಬಿದ್ದಿತ್ತೋ ಗೊತ್ತಿಲ್ಲ. ಹಿಂದುಗಡೆ ಫ್ರಿಜ್ಜು ಎಂದಿನಂತೆ ಗುರುಗುಟ್ಟಿ, ಟಕಟಕ ಬಡಿದುಕೊಂಡು ಸುಮ್ಮನಾಯಿತು.

“ಸರ್,” ಎಂದಳು ಅವಳು ಮೆಲ್ಲಗೆ, “ನಾನು ರೆಕಾರ್ಡಿಂಗನ್ನ ಮತ್ತೆ ಮತ್ತೆ ಕೇಳಿ ಬರ್ಕೋತೀನಿ. ಎಲ್ಲರ ಮನೇಲೂ ಇದೇ ಫ್ರಿಜ್ ಇದೆ.”

ನಾನು ಸೇನಾಪತಿಯ ದನಿಯಲ್ಲೇ ಕೇಳಿದೆ: “ಯಾವಾಗ ಗೊತ್ತಾಯ್ತು?”

“ನಿಮ್ಮ ಭಾವ ಥೇಟ್ ನಿಮ್ಮ ಹಾಗೇ ಸೀನಿದಾಗ.”

“ಮತ್ತೆ ಮುಗೀತು ಅಂದಿದ್ದು?”

“ಸುಮ್ನೆ ಹೊರಟುಬಿಡೋಣ ಅಂತ. ಇದನ್ನ ಪ್ರಬಂಧದಲ್ಲಿ ಹಾಕಕ್ಕಾಗಲ್ಲ ಸರ್. ಅವರೆಲ್ಲರನ್ನೂ ತೆಗೀಬೇಕು. ನಿಮ್ಮನ್ನೂ.”

“ನನ್ನನ್ನೂನಾ? ನಾನು ಅಸಲಿ ಕಣಮ್ಮಾ!”

“ಗೊತ್ತು. ಸಂಶೋಧನೇಲಿ ಇರೋರ ಜೊತೆ ನಾನು ಆಡೋ ಹಾಗಿಲ್ಲ. ಈಗ ನೀವು ಇಲ್ವಲ್ಲ. ಶನಿವಾರ ಎಷ್ಟು ಹೊತ್ತಿಗೆ?”

ಅವಳು ಇಡೀ ವರ್ಷ ತಪ್ಪದೆ ಬಂದಳು ಎಂದು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಬಂದದ್ದು ಅದೊಂದೇ ಶನಿವಾರ. ನಾನು ಬೇಕೆಂದೇ ಸೋತೆ ಎಂದೂ ಹೇಳಿದ್ದೇನೆ. ಅವಳು ನನ್ನ ಬಲಗಡೆಯ ಪಡೆಯನ್ನು ನುಣ್ಣಗೆ ಅರೆದು ಗೆದ್ದಳು. ಹೊರಡುವಾಗ ತನ್ನ ಲೋಟವನ್ನು ತಾನೇ ತೊಳೆದಿಟ್ಟಳು. ಆಮೇಲೆ ಅವಳಿಗೆ ದೂರದೂರಿನಲ್ಲಿ ಕೆಲಸ ಸಿಕ್ಕಿತು.

ಮೊನ್ನೆ ಅಂಗಡಿಗೆ ಕನ್ನಡಕಕ್ಕೆಂದು ಬಂದ ಫ್ರಿಜ್ ಮೆಕ್ಯಾನಿಕ್ ನನ್ನ ಫ್ರಿಜ್ಜಿನ ಟಕಟಕದ ಗೋಳು ಕೇಳಿ, “ಒಂದು ಬೋಲ್ಟ್ ಸಡಿಲ ಆಗಿರತ್ತೆ, ಚಿಟಿಕೆ ಹೊಡೆಯೋದ್ರಲ್ಲಿ ಸರಿಮಾಡ್ತೀನಿ” ಎಂದ. ಬೇಡವೇ ಬೇಡ ಎಂದೆ. ಯಾವತ್ತಾದರೂ ಅವಳು ಫೋನ್ ಮಾಡಿದರೆ, ಮಾತಾಡುತ್ತಿರುವುದು ನಾನೇ ಎಂದು ಅವಳಿಗೆ ಗೊತ್ತಾಗಬೇಡವೇ?