ಆಮೆನ್ ಆದಮೇಲಿನ ಸಾಲು

ಮಗಳು ಅಮೃತಳ ಒಂದು ಜಡೆಗೆ ಟೇಪು ಕಟ್ಟಿ, ಇನ್ನೊಂದನ್ನು ಅರ್ಧ ಹೆಣೆದಿದ್ದಳು ಪುಷ್ಪಾ. ಪಕ್ಕದಲ್ಲಿಟ್ಟಿದ್ದ ಬಾಚಣಿಗೆ ಮಾಯವಾಯಿತು. ತಲೆಯೆತ್ತಿದರೆ ಅತ್ತೆ ಚೌರಮ್ಮ, ಬಾಚಣಿಗೆ ಹಿಡಿದು ನಿಂತಿದ್ದಳು.

"ನಮ್ ಚರ್ಚಲ್ಲಿ ಆರು ಗಂಟೆ ಪೂಜೆ ಮುಗ್ಸ್ಕೊಂಡು ಬಂದಾಯ್ತಲ್ಲ. ಮತ್ತೆಲ್ಲಿಗಮ್ಮಿ ಸಿಂಗಾರ?"

"ಮದ್ದೂರ್ಗೆ ಕಣತ್ತೆ. ವನಜಾ ಮಗೀಗೆ ಇವತ್ತು ದೀಕ್ಷಾಸ್ನಾನ ಅಂತ ಯೋಳಿದ್ನಲ್ಲ."

"ಆ ಪ್ರಾಟೆಸ್ಟೆಂಟ್ ಚರ್ಚ್‌ಗಾ? ನಾವು ಕ್ಯಾಥೊಲಿಕ್ರು ಕಣಮ್ಮಿ! ಅಲ್ಲಿ ಮರಿಯಮ್ಮ ಇಲ್ಲ, ಜಪಮಾಲೆ ಇಲ್ಲ. ಅವರ್ದೆಲ್ಲ ಅರ್ಧಂಬರ್ಧ. ಓದ್ರೆ ಸಂಜೆ ಜಪಕ್ಕೆ ನನ್ ಪಕ್ಕ ಕೂರ್ಬ್ಯಾಡ."

ಹೋದ ವರ್ಷ ಅಮೃತ ಡೆಂಗಿ ಜ್ವರದಲ್ಲಿ ಮಂಡ್ಯದ ಆಸ್ಪತ್ರೆ ಸೇರಿದಾಗ, ಮೂರು ದಿನ ಮಂಚದ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಪುಷ್ಪಾಳ ಗೆಳತಿ ಇದೇ ವನಜಾ. ಜ್ವರ ಇಳಿಯುವ ತನಕ ಕದಲಿರಲಿಲ್ಲ.

"ಓಯ್ತೀನಿ ಕಣತ್ತೆ. ಸಂಜೆ ನಿಮ್ ಪಕ್ಕಾನೂ ಕೂರ್ತೀನಿ," ಎಂದು ಪುಷ್ಪಾ ಬರೀ ಬೆರಳಿನಲ್ಲೇ ಜಡೆ ಮುಗಿಸಿದಳು.

ಮದ್ದೂರಿನ ಆ ಚರ್ಚಿನ ಬಾಗಿಲಲ್ಲಿ ಅಮೃತ, ತಮ್ಮ ಚರ್ಚಿನಲ್ಲಿರುವಂತೆ ಇಲ್ಲೂ ತೀರ್ಥದ ಬಟ್ಟಲಿದೆಯೆಂದು ಅಭ್ಯಾಸಬಲದಿಂದ ಗೋಡೆಗೆ ಕೈಚಾಚಿದಳು. ಬೆರಳು ಸ್ವಿಚ್ಚಿಗೆ ತಾಗಿ ಫ್ಯಾನು ತಿರುಗತೊಡಗಿತು. ಬೆಂಚಿಗೆ ಹೋಗುವ ಮುನ್ನ ಪುಷ್ಪಾ ಕ್ಯಾಥೊಲಿಕ್ ರೂಢಿಯಂತೆ ಒಂದು ಮೊಣಕಾಲೂರಿ ನಮಿಸಿದಳು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬಳು ಡಿಕ್ಕಿ ಹೊಡೆದು, "ಯಾಕವ್ವ, ಕಾಲುಳುಕ್ತಾ?" ಎಂದು ರಟ್ಟೆ ಹಿಡಿದು ಎತ್ತಿದಳು.

ಪರಲೋಕದ ತಂದೆಯ ಪ್ರಾರ್ಥನೆ ಶುರುವಾದಾಗ ಪುಷ್ಪಾಗೆ ಜೀವ ಬಂದಂತಾಯಿತು. ಇದೊಂದು ಗೊತ್ತು! ತಾಯಿ ಮಗಳಿಬ್ಬರೂ ಮನೆಯಲ್ಲಿ ಹೇಳುವ ಹಾಗೆಯೇ ಗಟ್ಟಿಯಾಗಿ ಹೇಳಿ, "ಆಮೆನ್" ಅಂದರು.

ಇಡೀ ಚರ್ಚು ಇನ್ನೂ ಹೇಳುತ್ತಲೇ ಇತ್ತು. ತಮ್ಮ ಪೂಜೆಯಲ್ಲಾದರೆ ನಡುವೆ ಫಾದರ್ ಮಾತಾಡಿದ ಮೇಲೆ ಬರುವ ಸಾಲನ್ನು, ರಾಜ್ಯವೂ ಬಲವೂ ಮಹಿಮೆಯೂ ನಿನ್ನದೇ ಎಂಬುದನ್ನು, ಇವರು ಒಂದೇ ಉಸಿರಿಗೆ ಸೇರಿಸಿದ್ದರು. ಮುಂದಿನ ಬೆಂಚಿನಲ್ಲಿ ಮಗು ಎತ್ತಿಕೊಂಡಿದ್ದ ವನಜಾಳ ಭುಜ ನಗುವಿನಿಂದ ಕುಲುಕಾಡಿತು. ಪುಷ್ಪಾಳ ಕಿವಿ ಬಿಸಿಯಾಯಿತು. ಆದರೂ ಗಲ್ಲ ಎತ್ತಿ, ಎಲ್ಲರ ಜೊತೆ ಎರಡನೇ ಆಮೆನ್ ಅನ್ನು ಮೊದಲಿಗಿಂತ ಜೋರಾಗಿ ಹೇಳಿದಳು.

"ಅಮ್ಮಾ, ಅದು..." ಅಮೃತ ಸೆರಗೆಳೆದಳು.

"ಆಮೇಲ್ ಕೇಳು."

ತಮ್ಮೂರು ಕೆ.ಎಂ. ದೊಡ್ಡಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅಮೃತ ಮತ್ತೆ ಬಾಯಿ ತೆರೆದಳು. ಎದುರು ಬಂದ ಕಬ್ಬಿನ ಲಾರಿಯ ಹಾರನ್ನಿಗೆ ಮಾತು ಮುಳುಗಿಹೋಯಿತು.

ಸಂಜೆ ಪುಷ್ಪಾ ಚಾಪೆ ಹಾಸಿ ಅತ್ತೆಯ ಪಕ್ಕದಲ್ಲೇ ಕೂತಳು. ಚೌರಮ್ಮ ಒಂದು ಗೇಣು ಆಚೆ ಸರಿದಳು. ಪುಷ್ಪಾಳೂ ಒಂದು ಗೇಣು ಸರಿದಳು. ಮತ್ತೆ ಸರಿಯೋಣವೆಂದರೆ ಚೌರಮ್ಮನಿಗೆ ಗೋಡೆ. ಗುರುಗುಟ್ಟುತ್ತಲೇ ಜಪ ಶುರುಮಾಡಿ, ತಂದೆಯ ಪ್ರಾರ್ಥನೆ ಮುಗಿಸಿ, "ಆಮೆನ್" ಅಂದಳು.

ಅಮೃತ ಒಬ್ಬಳೇ ಕಣ್ಣುಮುಚ್ಚಿ, ರಾಜ್ಯವೂ ಬಲವೂ ಮಹಿಮೆಯೂ ನಿನ್ನದೇ ಎಂದು ಮುಂದಿನ ಸಾಲನ್ನೂ ಹೇಳಿದಳು. ಚೌರಮ್ಮನ ಬೆರಳಲ್ಲಿ ಮಣಿ ನಿಂತಿತು. ಪುಷ್ಪಾ ಈ ಸಲ ಮಗಳನ್ನು ತಡೆಯಲಿಲ್ಲ.

"ಅಜ್ಜೀ, ಅವ್ರು ಪೂರ್ತಿ ಯೋಳ್ತಾರೆ, ನಾವು ಮನೇಲಿ ಒಂದ್ ಸಾಲು ಬುಟ್ಬುಡ್ತೀವಿ. ಅಂಗಾರೆ ಅರ್ಧಂಬರ್ಧ ಯಾರ್ದು?"