ಹೆಸರು ಕೇಳುವ ಮೇಜು

ಹತ್ತೊಂಬತ್ತು ವರ್ಷಗಳಿಂದ ಪೈನ್ ಫೋರ್ಕ್ ಮತಗಟ್ಟೆಯ ಮೊದಲನೆಯ ಮೇಜು ಅರ್ನೆಸ್ಟೀನ್ ಟೂಕ್ಸ್‌ಳದು. ಬಂದವರ ಡ್ರೈವಿಂಗ್ ಲೈಸೆನ್ಸ್ ಇಸಿದುಕೊಳ್ಳುವುದು, ಹೆಸರು, ವಿಳಾಸ ಬಾಯಿಬಿಟ್ಟು ಹೇಳಿಸುವುದು, ಪಟ್ಟಿಯಲ್ಲಿ ತಾಳೆ ನೋಡಿ ಯಂತ್ರದ ಕಡೆ ಕಳಿಸುವುದು, ಇಷ್ಟು ಅವಳ ಕೆಲಸ. ಮತಗಟ್ಟೆ ಇರುವುದು ಬ್ಯಾಪ್ಟಿಸ್ಟ್ ಚರ್ಚಿನ ಊಟದ ಹಾಲ್‌ನಲ್ಲಿ. ಬರುವವರಲ್ಲಿ ಮುಕ್ಕಾಲು ಪಾಲು ಜನ ಭಾನುವಾರ ಅವಳ ಪಕ್ಕದಲ್ಲೇ ನಿಂತು ಹಾಡುವವರು. ಆದರೂ ನಿಮ್ಮ ಹೆಸರು ಹೇಳಿ ಎಂದೇ ಕೇಳುತ್ತಾಳೆ. ನನ್ನ ಮದುವೆಯ ಕೇಕ್ ಮಾಡಿದವಳೇ ನೀನಲ್ಲವೇ ಎಂದು ಯಾರಾದರೂ ರೇಗಿಸಿದರೆ, ಕೇಕ್ ನೆನಪಿದೆ, ಹೆಸರು ಹೇಳಿ, ಎನ್ನುತ್ತಾಳೆ.

ಕರೆಂಟಿನ ದರ ನಿಗದಿ ಮಾಡುವ ಆಯೋಗದ ಚುನಾವಣೆ ಎಂದರೆ ಹಿಂದೆಲ್ಲ ಮತಗಟ್ಟೆಯವರು ಆಕಳಿಸುತ್ತ ಕೂರುವ ದಿನ. ಜಾರ್ಜಿಯಾ ರಾಜ್ಯದಲ್ಲಿ ಇಂಥದ್ದೊಂದು ಆಯೋಗವಿದೆ, ಅದರ ಸದಸ್ಯರನ್ನು ನಾವೇ ಆರಿಸಬೇಕು ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದ್ದು ಕರೆಂಟ್ ಬಿಲ್ಲು. ಈ ಸಲ ಇದ್ದದ್ದು ಎರಡೇ ಸ್ಥಾನ, ಆದರೆ ಬೆಳಗ್ಗೆ ಏಳಕ್ಕೇ ಸಾಲು ಬಾಗಿಲು ದಾಟಿತ್ತು. ಒಬ್ಬ ಮುದುಕರಂತೂ ಬಿಲ್ಲನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡೇ ಬಂದರು. ಮತಗಟ್ಟೆಯ ಮೇಲ್ವಿಚಾರಕ ಹೊಲಿಸ್ ಅವರ ಹತ್ತಿರ ಹೋಗಿ, ಇಲ್ಲಿ ಪ್ರಚಾರ ಮಾಡುವ ಹಾಗಿಲ್ಲ, ದಯವಿಟ್ಟು ಮಡಚಿ ಜೇಬಿಗಿಡಿ ಎಂದ. ಮುದುಕರು ಮಡಚುತ್ತ, "ಇದು ಪ್ರಚಾರ ಅಲ್ಲಪ್ಪ, ನನ್ನ ಕಾಯಿಲೆ ಚೀಟಿ," ಎಂದರು. ಹೊಲಿಸ್ ನಗಬಾರದೆಂದು ಕೆಮ್ಮಿದ.

ಕಾಯಿಲೆಯ ಮೂಲ ಅರ್ನೆಸ್ಟೀನ್‌ಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಅದು ಅವಳ ಮನೆಯ ಎದುರಿಗೇ ಇತ್ತು. ರಸ್ತೆಯಾಚೆ, ಅವಳ ಅಮ್ಮ ಬಟಾಣಿ, ಬೆಂಡೆ ಬೆಳೆಯುತ್ತಿದ್ದ ನಲವತ್ತು ಎಕರೆಯಲ್ಲಿ, ಈಗ ಒಂದೂ ಕಿಟಕಿಯಿಲ್ಲದ ಬಿಳಿಯ ಕಟ್ಟಡ. ಅದು ಡೇಟಾ ಸೆಂಟರ್, ಒಳಗೆ ಕಂಪ್ಯೂಟರುಗಳು ಹಗಲೂ ರಾತ್ರಿ ಯೋಚನೆ ಮಾಡುತ್ತವಂತೆ. ಅವು ಯೋಚನೆ ಮಾಡುವ ಗುಂಯ್ ಎನ್ನುವ ಸದ್ದು ಅವಳ ಅಡುಗೆಮನೆಯವರೆಗೂ ಕೇಳುತ್ತದೆ. ಅವುಗಳ ಹೊಟ್ಟೆಗೆ ಬೇಕಾದ ಕರೆಂಟಿಗೆಂದು ಹೊಸ ಸ್ಥಾವರ, ಹೊಸ ತಂತಿ. ಅದರ ಖರ್ಚು ಊರಿನವರ ಬಿಲ್ಲಿನಲ್ಲಿ. ಅವಳು ಹಿತ್ತಲ ಕೋಣೆಯ ದೊಡ್ಡ ಫ್ರೀಜರ್ ಆರಿಸಿ ಎರಡು ವರ್ಷವಾಯಿತು.

ಆ ಹೊಲ ಕೈಬಿಟ್ಟು ಹೋದದ್ದು ಹೀಗೆ. ಅಮ್ಮ ವಿಲ್ ಬರೆದಿರಲಿಲ್ಲ. ಆ ಕಡೆಯ ಕಪ್ಪು ಜನರಲ್ಲಿ ಬರೆಯುವವರೇ ಕಡಿಮೆ. ಕೋರ್ಟು ಕಾಗದಗಳನ್ನು ಕಂಡರೆ ಹಿಂದಿನವರಿಗೆ ಭಯ, ಭಯಕ್ಕೆ ಕಾರಣವೂ ಇತ್ತು. ಹಾಗಾಗಿ ಹೊಲ ಗಡಿ ಹಾಕದೆ ಇಬ್ಬರು ಹೆಣ್ಣುಮಕ್ಕಳಿಗೂ ಒಟ್ಟಾಗಿ ಬಂತು. ತಂಗಿ ಲುಡೆಲ್ ಮದುವೆಯಾಗಿ ಎಪ್ಪತ್ತು ಮೈಲಿ ದೂರದ ಮೇಕನ್‌ನಲ್ಲಿದ್ದಳು. ಇಸ್ತ್ರಿ ಅಂಗಿ ತೊಟ್ಟ ಒಬ್ಬ ಅವಳ ಮನೆಗೆ ಬಂದು, ನಿಮ್ಮ ಪಾಲು ಮಾತ್ರ ಕೊಡಿ, ಪೈನ್ ಗಿಡ ನೆಡುತ್ತೇನೆ ಎಂದ. ತನ್ನ ಪಾಲು ತಾನೇ ಎಂದು ಲುಡೆಲ್ ಸಹಿ ಹಾಕಿದಳು. ಗಡಿಯಿಲ್ಲದ ಹೊಲದಲ್ಲಿ ಪಾಲುದಾರನಾದವನು ಕೋರ್ಟಿಗೆ ಹೋಗಿ ಇಡೀ ಹೊಲವನ್ನೇ ಹರಾಜು ಹಾಕಿಸಬಹುದು ಎಂಬುದು ಅವಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅರ್ನೆಸ್ಟೀನ್‌ಗೂ ಗೊತ್ತಿರಲಿಲ್ಲ. ಹರಾಜಾದ ಹೊಲದಲ್ಲಿ ಎದ್ದದ್ದು ಪೈನ್ ಅಲ್ಲ, ಆ ಕಟ್ಟಡ.

ಲುಡೆಲ್ ಮೋಸ ಹೋದಳೇ ಹೊರತು ಮೋಸ ಮಾಡಲಿಲ್ಲ ಎಂದು ವಕೀಲರು ಬಿಡಿಸಿ ಹೇಳಿದ್ದರು. ಅರ್ನೆಸ್ಟೀನ್ ತಲೆಯಾಡಿಸಿದಳು, ಮನೆಗೆ ಬಂದಳು, ತಂಗಿಯ ಫೋನ್ ಎತ್ತುವುದನ್ನು ನಿಲ್ಲಿಸಿದಳು. ಕೋಪ ಮಾಡಿಕೊಳ್ಳೋಣವೆಂದರೆ ಆ ಕಟ್ಟಡಕ್ಕೆ ಒಂದು ಕಿಟಕಿಯೂ ಇರಲಿಲ್ಲ. ಲುಡೆಲ್‌ಗಾದರೆ ಮುಖವಿತ್ತು.

ಒಂದು ವರ್ಷ ಲುಡೆಲ್ ಬಿಡದೆ ಫೋನ್ ಮಾಡಿದಳು. ಆಮೇಲೆ ಬಿಟ್ಟಳು. ಫೋನ್ ನಿಂತ ಮೇಲೆಯೇ ಅರ್ನೆಸ್ಟೀನ್‌ಗೆ ಕಷ್ಟ ಶುರುವಾದದ್ದು. ಮೊದಲು ಬೆಳಗಿನ ಆರು ಗಂಟೆಗೆ, ಇಬ್ಬರ ಕಾಫಿಯೂ ಬಿಸಿಯಿರುವಾಗ, ಅವರಿಗೆ ಏನಾದರೂ ಮಾತಿರುತ್ತಿತ್ತು: ಯಾರು ಸತ್ತರು, ಯಾರು ಯಾವ ಟೋಪಿ ಹಾಕಿಕೊಂಡು ಬಂದರು, ಮೊಣಕಾಲು ಹೇಗಿದೆ. ಜುಲೈ ಬಂದರೆ ಲುಡೆಲ್ ಒಂದು ವಾರ ಇಲ್ಲೇ ಉಳಿದು, ಇಬ್ಬರೂ ವರಾಂಡದಲ್ಲಿ ಕೂತು ಬಟಾಣಿ ಸುಲಿದು ಫ್ರೀಜರ್ ತುಂಬಿಸುತ್ತಿದ್ದರು. ಈಗ ಅರ್ನೆಸ್ಟೀನ್ ಫೋನ್ ಹಿಡಿದು ನಂಬರು ಒತ್ತುತ್ತಾಳೆ, ಕೊನೆಯ ಅಂಕಿಗೆ ಬಂದು ಇಟ್ಟುಬಿಡುತ್ತಾಳೆ. ಏನೆಂದು ಶುರು ಮಾಡುವುದು? ಮೂರು ವರ್ಷ ಗಂಟು ಹಾಕಿಕೊಂಡ ಮುಖವನ್ನು ಬಿಡಿಸುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳಿಗೆ ತಂಗಿ ಬೇಕಾಗಿದ್ದಳು, ಅಷ್ಟೆ.

ಹೀಗಾಗಿ ಪ್ರತಿ ಚುನಾವಣೆಯಲ್ಲೂ ಅವಳ ಕಣ್ಣು ಬಾಗಿಲ ಮೇಲೆ. ಮೇಕನ್‌ನ ಮತದಾರಳು ಇಲ್ಲಿಗೆ ಬರುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಆದರೂ ಕಣ್ಣು ಕೇಳಬೇಕಲ್ಲ.

ಸಂಜೆ ಐದೂವರೆಗೆ, ಕೆಲಸ ಮುಗಿಸಿಕೊಂಡು ಬಂದವರ ಸಾಲು ಮತ್ತೆ ಉದ್ದವಾದಾಗ, ಏಳು ಜನರ ಹಿಂದೆ ಲುಡೆಲ್ ನಿಂತಿದ್ದಳು.

ಸಣ್ಣಗಾಗಿದ್ದಳು. ಕೂದಲಿಗೆ ಬಣ್ಣ ಹಾಕುವುದನ್ನು ಬಿಟ್ಟಿದ್ದಳು. ಕೈಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡು, ಆಸ್ಪತ್ರೆಯಲ್ಲಿ ಸರದಿ ಕಾಯುವವಳ ಹಾಗೆ ನೆಲ ನೋಡುತ್ತಿದ್ದಳು. ಅರ್ನೆಸ್ಟೀನ್ ಆ ಏಳು ಜನರ ಹೆಸರನ್ನೂ ಕೇಳಿದಳು, ಏಳು ವಿಳಾಸಗಳನ್ನೂ ತಾಳೆ ನೋಡಿದಳು. ಅದರಲ್ಲಿ ಒಂದೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಬೇಗ ಮುಗಿಯಲಿ ಅನ್ನಿಸುತ್ತಿತ್ತು, ಮುಗಿಯದಿರಲಿ ಅನ್ನಿಸುತ್ತಿತ್ತು.

ಲುಡೆಲ್ ಮುಂದೆ ಬಂದು ಲೈಸೆನ್ಸನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಹೆಸರು ಹೇಳಿ," ಎಂದಳು ಅರ್ನೆಸ್ಟೀನ್. ಹುಟ್ಟಿದಾಗಿನಿಂದ ಎತ್ತಿ ಆಡಿಸಿದವಳನ್ನು ಹೀಗೆ ಬಹುವಚನದಲ್ಲಿ ಕೇಳಿದ್ದು ಅದೇ ಮೊದಲು.

"ಲುಡೆಲ್ ಟೂಕ್ಸ್ ಪ್ರೂಯಿಟ್."

"ವಿಳಾಸ?"

ಲುಡೆಲ್ ಮೇಕನ್‌ನ ಬೀದಿಯ ಹೆಸರು ಹೇಳಿದಳು. ಲೈಸೆನ್ಸಿನಲ್ಲಿಯೂ ಅದೇ ಇತ್ತು. ಅರ್ನೆಸ್ಟೀನ್ ನಿಯಮದ ಪ್ರಕಾರ ಹೇಳಬೇಕಾದ್ದನ್ನೇ ಹೇಳಿದಳು: ಇದು ಬೇರೆ ಕೌಂಟಿ, ನಿಮ್ಮ ಮತ ಇಲ್ಲಿ ಹಾಕಲು ಆಗುವುದಿಲ್ಲ, ನಿಮ್ಮ ಮತಗಟ್ಟೆ ಅಲ್ಲಿದೆ.

"ಗೊತ್ತು. ಬೆಳಗ್ಗೇನೇ ಅಲ್ಲಿ ಹಾಕಿದೆ."

"ಮತ್ತೆ ಇಲ್ಲಿ ಸಾಲಲ್ಲಿ ಯಾಕೆ ನಿಂತಿರಿ?"

ಲುಡೆಲ್ ಆಗ ತಲೆಯೆತ್ತಿದಳು. "ಆ ಎರಡು ಹೆಸರು ಒತ್ತಿ ಹೊರಗೆ ಬಂದೆನಾ, ಇದನ್ನ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು. ನಿನ್ನ ಬಿಟ್ರೆ ಯಾರೂ ನೆನಪಿಗೆ ಬರ್ಲಿಲ್ಲ. ಫೋನ್ ಅಂತೂ ನೀನು ಎತ್ತಲ್ಲ. ಇಲ್ಲಿ ಸಾಲಲ್ಲಿ ನಿಂತ್ರೆ ನೀನು ನನ್ನ ಹೆಸರು ಕೇಳ್ಲೇಬೇಕು. ಕೇಳಿಸ್ಕೊಂಡು ಹೋಗೋಣ ಅಂತ ಬಂದೆ ಅಕ್ಕ."

ಹಿಂದೆ ನಿಂತಿದ್ದ ಎತ್ತರದ ಯುವಕ ತನ್ನ ಬೂಟು ನೋಡಿಕೊಳ್ಳತೊಡಗಿದ. ಸ್ವಲ್ಪ ದೂರದಲ್ಲಿದ್ದ ಹೊಲಿಸ್, ಸಾಲು ಯಾಕೆ ನಿಂತಿತೆಂದು ನೋಡಲು ಬಂದವನು, ಲುಡೆಲ್‌ಳ ಗುರುತು ಹಿಡಿದು ಬಂದ ದಾರಿಯಲ್ಲೇ ತಿರುಗಿದ.

ನಿಯಮ ಅರ್ನೆಸ್ಟೀನ್‌ಗೆ ಗೊತ್ತಿತ್ತು. ಮತದಾರರಲ್ಲದವರು ಒಳಗೆ ನಿಲ್ಲುವ ಹಾಗಿಲ್ಲ, ಲೈಸೆನ್ಸನ್ನು ತಕ್ಷಣ ಹಿಂದಿರುಗಿಸಬೇಕು, ಮುಂದಿನವರನ್ನು ಕರೆಯಬೇಕು. ಲುಡೆಲ್ ಕೈ ಚಾಚಿದಳು. ಅರ್ನೆಸ್ಟೀನ್ ಆ ಕೈಯನ್ನು ನೋಡಿದಳು, ಲೈಸೆನ್ಸನ್ನು ಎತ್ತಿ ತನ್ನ ಸ್ವೆಟರಿನ ಜೇಬಿಗೆ ಹಾಕಿಕೊಂಡಳು.

"ಏಳಕ್ಕೆ ಬಾಗಿಲು ಹಾಕ್ತೀವಿ," ಎಂದಳು. "ಯಂತ್ರ ಎಲ್ಲ ಎತ್ತಿಡೋಕೆ ಇನ್ನೊಂದು ಗಂಟೆ. ಆಮೇಲೆ ಬಂದು ಇಸ್ಕೋ. ಇದಿಲ್ದೆ ನೀನು ಗಾಡಿ ತೆಗೆದ್ರೆ ನಾನೇ ಪೊಲೀಸ್ರಿಗೆ ಫೋನ್ ಮಾಡ್ತೀನಿ, ನೋಡ್ತಿರು."

"ಸದ್ಯ, ಯಾರಿಗಾದ್ರೂ ಮಾಡ್ತೀಯಲ್ಲ," ಎಂದಳು ಲುಡೆಲ್. ಬೇಗ ಬೇಗ ಹೊರಗೆ ನಡೆದಳು.

ಅರ್ನೆಸ್ಟೀನ್ ಮುಂದಿನವರನ್ನು ಕರೆದಳು. ಎತ್ತರದ ಯುವಕ ಬಂದು ನಿಂತ. ನಿಮ್ಮ ಹೆಸರು ಹೇಳಿ ಎಂದಳು. ಅವನು ಹೇಳಿದ. ಅವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಕೇಳಿದಳು.