ತಪ್ಪು ತಾಯಿಯದಲ್ಲ, ಡಾಕ್ಟ್ರೇ!

ಬೆಟ್ಟದ ಮೇಲಿನ ಪುಕಾಚಾಕ ಊರಿನ ಪುಟ್ಟ ಆಸ್ಪತ್ರೆಯಲ್ಲಿ ಅಂದು ಬೆಳಬೆಳಿಗ್ಗೆಯೇ ರಂಪ. ರಾಜಧಾನಿ ಲಿಮಾದಿಂದ ತರಬೇತಿಗೆ ಬಂದಿದ್ದ ಎಳೆಯ ಡಾಕ್ಟರ್ ಫ್ಲಾವಿಯೊ ಕೆಂಡವಾಗಿದ್ದ. ಎರಡು ವರ್ಷದ ಲುಸ್ಮಿಲಾಗೆ ರಕ್ತಹೀನತೆ. ಮೂರು ತಿಂಗಳಿಂದ ಕಬ್ಬಿಣಾಂಶದ ಹನಿ ಕೊಟ್ಟರೂ ಮಗುವಿನ ರಕ್ತ ಒಂದಿಷ್ಟೂ ಏರಿರಲಿಲ್ಲ.

"ಹನಿ ಹಾಕೇ ಇಲ್ಲ ನೀವು! ಸುಳ್ಳು ಹೇಳ್ಬೇಡಿ."

"ಒಂದು ದಿನಾನೂ ತಪ್ಸಿಲ್ಲ ಡಾಕ್ಟ್ರಪ್ಪ," ಎಂದಳು ತಾಯಿ ಹುಸ್ತಿನಾ. ಕಣ್ಣು ತುಂಬಿ ಬಂತು. "ಸುಳ್ಳಿ ಅನ್ನಿಸ್ಕೊಳ್ಳೋಕೆ ಇನ್ನು ಇಲ್ಲಿಗೆ ಬರಲ್ಲ ಬಿಡಿ." ತೂಕಡಿಸುತ್ತಿದ್ದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು.

"ತಾಯಂದಿರ ಉದಾಸೀನ ಅಂತ ವರದಿ ಬರೀತೀನಿ," ಎಂದ ಫ್ಲಾವಿಯೊ.

ಹಿರಿಯ ನರ್ಸ್ ನೆಮೆಸಿಯಾ ನಕ್ಕಳು. "ಬರೀರಿ, ಪೆನ್ನು ನಿಮ್ದೇ. ಆದ್ರೆ ಹನಿ ತಗೊಳ್ಳೋ ಹನ್ನೆರಡು ಮಕ್ಕಳಲ್ಲಿ ಒಂಬತ್ತು ಹಿಂಗೇ ಇದಾವೆ. ಒಂಬತ್ತು ತಾಯಂದ್ರೂ ಸುಳ್ಳಿಯರಾ? ಇಲ್ಲಾ ನಮ್ಮ ಕೆಲಸದಲ್ಲೇ ಎಲ್ಲೋ ತೂತಿದೆಯಾ?"

"ನಾನು ಕಲ್ತಿರೋದು ರೋಗ ವಾಸಿ ಮಾಡೋಕೆ ಅಕ್ಕ, ಆಸ್ಪತ್ರೆ ವಾಸಿ ಮಾಡೋಕಲ್ಲ."

"ಅದನ್ನ ಈಗ ಕಲೀರಿ. ನಾಳೆ ಹುಸ್ತಿನಾ ಮನೆಗೆ ಹೋಗಿ ಕಣ್ಣಾರೆ ನೋಡೋಣ. ಅವಳು ಮುನಿಸ್ಕೊಂಡು ಕೂತ್ರೆ ಕೆಡೋದು ಮಗು."

ಮರುದಿನ ಹುಸ್ತಿನಾ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಕಾಲಡಿ ಸಾಕಿದ ಗಿನಿ ಇಲಿಗಳು ಓಡಾಡುತ್ತಿದ್ದ ಅಡುಗೆಮನೆಯಲ್ಲಿ ಕೂತು, ಹನಿಗಳನ್ನು ಎಣಿಸಿ ಎಣಿಸಿ ಮಗುವಿನ ಚಹಾಕ್ಕೆ ಹಾಕಿದಳು.

"ಅಯ್ಯೋ, ಚಹಾಕ್ಕಾ?" ಎಂದ ಫ್ಲಾವಿಯೊ.

"ತಿಂಡಿ ಜೊತೆ ಕೊಡಿ ಅಂದೋರು ನೀವೇ ಅಲ್ವಾ? ನಮ್ಮ ತಿಂಡಿ ಇದೇ. ಚಹಾ, ಹುರಿದ ಜೋಳ."

ಫ್ಲಾವಿಯೊ ಪೆಚ್ಚಾದ. ಚಹಾದ ಜೊತೆ ಕೊಟ್ಟರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದು ಅವನು ಓದಿದ್ದ. ಆದರೆ ಇಲ್ಲಿಯವರು ಬೆಳಿಗ್ಗೆ ಏನು ಕುಡಿಯುತ್ತಾರೆಂದು ಒಬ್ಬರನ್ನೂ ಕೇಳಿರಲಿಲ್ಲ.

"ತಪ್ಪು ನಂದು ಹುಸ್ತಿನವ್ವ. ನಿಮ್ಮನ್ನ ಸುಳ್ಳಿ ಅಂದೆ. ಕ್ಷಮಿಸಿ."

"ಡಾಕ್ಟ್ರೂ ತಪ್ಪು ಒಪ್ಕೋತಾರಾ?" ಎಂದು ಅವಳು ನಕ್ಕಾಗ ಅವನಿಗೆ ಜೀವ ಬಂದಂತಾಯಿತು.

"ಎಲ್ಲರಿಗೂ ಇವತ್ತೇ ಹೇಳ್ಬಿಡೋಣ!" ಎಂದು ಹಾರಿದ. ನೆಮೆಸಿಯಾ ತಡೆದಳು. "ನಿಧಾನ. ಮೊದಲು ಐದು ಮಕ್ಕಳು. ಒಂದು ತಿಂಗಳು. ಅಳೆದು ನೋಡೋಣ."

ಚಹಾ ಕುಡಿದು ಎರಡು ಗಂಟೆಯ ನಂತರ, ಕಿತ್ತಳೆ ರಸದ ಜೊತೆ ಹನಿ ಕೊಟ್ಟರು. ತಿಂಗಳಿಗೆ ನಾಲ್ಕು ಮಕ್ಕಳ ರಕ್ತ ಏರಿತು. ಐದನೆಯದರ ಮನೆಗೆ ಹೋಗಿ ವಿಚಾರಿಸಿದರು. ಬೆಟ್ಟದಲ್ಲಿ ಇನ್ನೂ ಮೇಲಿರುವ ಆ ಹಳ್ಳಿಗೆ ಕಿತ್ತಳೆ ಬರುವುದೇ ಇಲ್ಲ, ಹಾಗಾಗಿ ಹನಿಯೂ ನಿಂತುಹೋಗಿತ್ತು! ಅಲ್ಲಿಗೆ ಬರೀ ನೀರಿನ ಜೊತೆ ಕೊಡಿ ಎಂದರು. ಆಮೇಲೆ ಹನ್ನೆರಡೂ ಮಕ್ಕಳಿಗೆ ಹೊಸ ಕ್ರಮ ಬಂತು. ಲುಸ್ಮಿಲಾ ಈಗ ತೂಕಡಿಸುವುದಿಲ್ಲ, ಹಿಡಿದರೆ ಕೈಗೆ ಸಿಗುವುದಿಲ್ಲ.

ತರಬೇತಿಗೆ ಹೊಸ ವೈದ್ಯ ವಿದ್ಯಾರ್ಥಿಗಳ ತಂಡ ಬಂದಾಗ ಫ್ಲಾವಿಯೊ ಮೊದಲ ಪಾಠಕ್ಕೆ ಹುಸ್ತಿನಾಳನ್ನೇ ಕರೆಸಿದ. ಅವಳು ಸಂಕೋಚವೇನೂ ಪಡದೆ ಎದುರು ನಿಂತು ಒಂದೇ ಮಾತು ಹೇಳಿದಳು: "ಬೈಯೋಕೆ ಮುಂಚೆ ಒಂದ್ಸಲ ಮನೆಗೆ ಬನ್ನಿ ಮಕ್ಕಳೇ."

ಡಾಕ್ಟರಾಗಲಿರುವವರೇ, ಅವರಿಗೆ ಕಲಿಸುವವರೇ, ಔಷಧಿ ಕೆಲಸ ಮಾಡದಿದ್ದಾಗ "ಯಾರ ತಪ್ಪು?" ಅನ್ನಬೇಡಿ, "ಎಲ್ಲಿ ತಪ್ಪಿತು?" ಎಂದು ಕೇಳಿ. ಹೋಗಿ ನೋಡಿ, ಚಿಕ್ಕದಾಗಿ ಬದಲಿಸಿ, ಅಳೆಯಿರಿ. ನಿಮ್ಮ ಆಸ್ಪತ್ರೆಯಿಂದಲೂ ಒಬ್ಬ ತಾಯಿ ಅಳುತ್ತಾ ಹೋಗಿರಬಹುದು. ಇವತ್ತೇ ಅವಳ ಬಾಗಿಲು ತಟ್ಟಿ.